ನಿದ್ರೆಯನ್ನು ಕಳೆದುಕೊಂಡ ವೀರ

ನನ್ನ ಸೋದರಮಾವ ಬರ್ಮಾ ಯುದ್ಧರಂಗದಿಂದ ಹಿಂದಿರುಗಿದವರು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅವರು ಊರಿಗೆ ಬಂದರಂತೆ. ನನಗೆ ತಿಳಿವಳಿಕೆ ಬರುವ ವೇಳೆಗೆ ಆ ಮಾತಿಗೆ ಎಷ್ಟೋ ವರ್ಷಗಳಾಗಿದ್ದುವು. ಆದರೂ ಅಜ್ಜಿಯ ಮನೆಯಲ್ಲಿ ಒಂದು ಕಟ್ಟಳೆ ಉಳಿದುಕೊಂಡಿತ್ತು. ಮಾವ ಮಲಗಿರುವಾಗ ಯಾರೂ ಅವರ ಮೈಮುಟ್ಟಿ ಎಬ್ಬಿಸಕೂಡದು. ಹೊಸ್ತಿಲಾಚೆ ನಿಂತು, ಮಾವಾ ಎಂದು ಮೆಲ್ಲಗೆ ಎರಡು ಮೂರು ಸಲ ಕೂಗಬೇಕು. ಮಕ್ಕಳಾದ ನಮಗೆ ಇದರ ಕಾರಣ ತಿಳಿದಿರಲಿಲ್ಲ. ಒಲೆಯ ಬೆಂಕಿಯನ್ನು ಮುಟ್ಟಬಾರದು ಎಂಬುದನ್ನು ಒಪ್ಪಿಕೊಂಡಂತೆ ಇದನ್ನೂ ಒಪ್ಪಿಕೊಂಡಿದ್ದೆವು.

ಅವರು ಮಲಗುತ್ತಿದ್ದುದಾದರೂ ಅಪರೂಪವೇ. ನಡುರಾತ್ರಿಯಲ್ಲಿ ನನಗೆ ಎಚ್ಚರವಾದಾಗಲೆಲ್ಲ ಜಗಲಿಯ ಕತ್ತಲೆಯಲ್ಲಿ ಬೀಡಿಯ ಕೆಂಡವೊಂದು ಹೊಳೆಯುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು, ಬೀದಿಯ ಕಡೆಗೆ ಮುಖ ಮಾಡಿಕೊಂಡು ಅವರು ಕುಳಿತಿರುತ್ತಿದ್ದರು. ಅಜ್ಜಿ ತಾಯಿತ ಕಟ್ಟಿಸಿದರು; ಮನೆದೇವರಿಗೆ ಹರಕೆ ಹೊತ್ತರು. ವೈದ್ಯರಲ್ಲಿಗೆ ಕರೆದೊಯ್ಯುವ ಯೋಚನೆ ಮಾತ್ರ ಯಾರಿಗೂ ಹೊಳೆಯಲಿಲ್ಲ. ಮೈಯಲ್ಲಿ ಗಾಯವಿಲ್ಲ, ಜ್ವರವಿಲ್ಲ. ನಿದ್ದೆ ಬಾರದೆಂಬ ಕಾರಣಕ್ಕೆ ಗಟ್ಟಿಮುಟ್ಟಾದ ಗಂಡಸನ್ನು ವೈದ್ಯರ ಮುಂದೆ ಕೂರಿಸುವುದುಂಟೆ?

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಮಾವ ಒಮ್ಮೆ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ದಂಡಿನ ಪ್ರದೇಶದ ಚಿತ್ರಮಂದಿರವೊಂದರಲ್ಲಿ ‘ಟು ಹೆಲ್ ಅಂಡ್ ಬ್ಯಾಕ್’ ಎಂಬ ಇಂಗ್ಲಿಷ್ ಚಿತ್ರ ನಡೆಯುತ್ತಿತ್ತು. ಅಮೆರಿಕದ ಸೈನಿಕನೊಬ್ಬನ ನಿಜವಾದ ಕಥೆ. ಆ ಸೈನಿಕನೇ ತನ್ನ ಪಾತ್ರವನ್ನು ತಾನು ಅಭಿನಯಿಸಿದ್ದನು. ಉರಿಯುತ್ತಿರುವ ಟ್ಯಾಂಕಿನ ಮೇಲೆ ನಿಂತು ನಾಯಕನು ಒಬ್ಬನೇ ಶತ್ರುಗಳನ್ನು ತಡೆಯುವ ದೃಶ್ಯ ಬಂದಾಗ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಪಕ್ಕಕ್ಕೆ ತಿರುಗಿ ನೋಡಿದರೆ ಮಾವನ ಕುರ್ಚಿ ಬರಿದಾಗಿತ್ತು. ಚಿತ್ರ ಮುಗಿದು ಹೊರಕ್ಕೆ ಬಂದಾಗ ಅವರು ಬೀದಿಯ ಅಂಚಿನಲ್ಲಿ ನಿಂತಿದ್ದರು. ಅಂಥ ಪರಾಕ್ರಮವನ್ನು ಕಾಣದೆ ಎದ್ದುಹೋದರಲ್ಲಾ ಎಂದು ನನಗೆ ಸಿಟ್ಟೇ ಬಂದಿತು. ಆ ನಾಯಕನಿಗೂ ರಾತ್ರಿ ನಿದ್ದೆ ಬರುತ್ತಿರಲಿಲ್ಲವೆಂದು ನನಗೆ ತಿಳಿದುದು ಬಹುಕಾಲದ ಮೇಲೆ, ನಾನೂ ಒಬ್ಬ ಉಪಾಧ್ಯಾಯನಾಗಿ, ಅವನ ಜೀವನವನ್ನು ಕುತೂಹಲದಿಂದ ಓದಲು ತೊಡಗಿದಾಗ.

ಅವನ ಹೆಸರು ಆಡಿ ಮರ್ಫಿ. ಎರಡನೆಯ ಮಹಾಯುದ್ಧದಲ್ಲಿ ಅತ್ಯಧಿಕ ಪದಕಗಳನ್ನು ಪಡೆದ ಅಮೆರಿಕನ್ ಯೋಧರಲ್ಲಿ ಅವನದು ಮೊದಲ ಸಾಲಿನ ಹೆಸರು. ಅವನ ಶೌರ್ಯವನ್ನು ಬಲ್ಲವರು ಬಹಳ ಮಂದಿ. ಅವನ ರಾತ್ರಿಗಳ ಕಥೆಯನ್ನು ಬಲ್ಲವರು ಕಡಮೆ. ಆ ಎರಡನೆಯ ಕಥೆಯನ್ನು ಹೇಳುವುದಕ್ಕಾಗಿಯೇ ಮೊದಲನೆಯದನ್ನೂ ಸ್ವಲ್ಪ ಹೇಳಬೇಕಾಗಿದೆ.

*

ಟೆಕ್ಸಾಸ್ ಸಂಸ್ಥಾನದ ಹಂಟ್ ಕೌಂಟಿಯಲ್ಲಿ ಕಿಂಗ್‌ಸ್ಟನ್ ಎಂಬ ಸಣ್ಣ ಊರಿದೆ. 1925ರ ಜೂನ್ 20ರಂದು ಮರ್ಫಿ ಅಲ್ಲಿ ಹುಟ್ಟಿದನು. ತಂದೆ ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ರೈತ. ಹನ್ನೆರಡು ಮಕ್ಕಳಲ್ಲಿ ಇವನು ಏಳನೆಯವನು. ಹತ್ತಿಯ ಹೊಲಗಳಲ್ಲಿ ಬೆನ್ನು ಬಗ್ಗಿಸಿ ದುಡಿದರೂ ಹೊಟ್ಟೆ ತುಂಬದ ಸಂಸಾರವದು. ತಂದೆ ಮನೆಬಿಟ್ಟು ಹೋಗಿ ಬರುವುದನ್ನು ರೂಢಿ ಮಾಡಿಕೊಂಡು, ಕೊನೆಗೆ ಬಾರದೆಯೇ ಹೋದನು. ಹುಡುಗನು ಐದನೆಯ ತರಗತಿಗೆ ಓದು ನಿಲ್ಲಿಸಿ, ದಿನಕ್ಕೆ ಒಂದು ಡಾಲರಿನ ಕೂಲಿಗೆ ಹತ್ತಿ ಬಿಡಿಸಲು ಹೋದನು. ಮನೆಯವರ ಹೊಟ್ಟೆಗಾಗಿ ಕೋವಿ ಹಿಡಿದು ಮೊಲಗಳನ್ನೂ ಅಳಿಲುಗಳನ್ನೂ ಹೊಡೆದು ತರುತ್ತಿದ್ದನು. ಗುರಿಯಿಡುವ ವಿದ್ಯೆ ಅವನಿಗೆ ಸಿದ್ಧಿಸಿದ್ದು ಹಸಿವಿನ ಪಾಠಶಾಲೆಯಲ್ಲಿ.

1941ರ ಮೇ ತಿಂಗಳಿನಲ್ಲಿ ತಾಯಿ ತೀರಿಕೊಂಡಳು. ಚಿಕ್ಕವರಾದ ಮೂವರು ಒಡಹುಟ್ಟಿದವರನ್ನು ಅನಾಥಾಲಯದಲ್ಲಿ ಬಿಡಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ದಾಳಿ ನಡೆಯಿತು. ಅಮೆರಿಕ ಯುದ್ಧಕ್ಕೆ ಇಳಿಯಿತು. ಸೈನ್ಯಕ್ಕೆ ಸೇರಲು ಮರ್ಫಿ ಹಂಬಲಿಸಿದನು. ಆದರೆ ವಯಸ್ಸು ಸಾಲದು, ತೂಕ ಸಾಲದು. ಐವತ್ತು ಕಿಲೋಗ್ರಾಮಿನ ಆಸುಪಾಸಿನ ಆ ಸಣಕಲು ಹುಡುಗನನ್ನು ನೌಕಾದಳದವರೂ ಬೇಡವೆಂದರು, ಮೆರೈನ್ ದಳದವರೂ ಬೇಡವೆಂದರು. ಕೊನೆಗೆ ಅಕ್ಕ ಕೊರಿನ್ ಅವನ ಹುಟ್ಟಿದ ವರ್ಷವನ್ನು ಒಂದು ವರ್ಷ ಹಿಂದಕ್ಕೆ ಹಾಕಿ ಪ್ರಮಾಣಪತ್ರ ಬರೆದುಕೊಟ್ಟಳು. 1942ರ ಜೂನ್ ತಿಂಗಳ ಕೊನೆಯ ದಿನ ಭೂಸೇನೆ ಅವನನ್ನು ತೆಗೆದುಕೊಂಡಿತು. ಕವಾಯತಿನಲ್ಲಿ ಒಮ್ಮೆ ಮೂರ್ಛೆ ಹೋದುದರಿಂದ ಮೇಲಧಿಕಾರಿಗಳು ಅವನನ್ನು ಅಡಿಗೆಯ ಕೆಲಸಕ್ಕೆ ಹಾಕಲು ನೋಡಿದರಂತೆ, ಹುಡುಗ ಒಪ್ಪಲಿಲ್ಲ.

1943ರ ಜುಲೈ 10ರಂದು ಸಿಸಿಲಿಯ ಕರಾವಳಿಯಲ್ಲಿ ಅವನು ಯುದ್ಧಭೂಮಿಗೆ ಕಾಲಿಟ್ಟನು. ಅಲ್ಲಿಂದ ಇಟಲಿ, ಸಲೆರ್ನೊ, ಆನ್‌ಜಿಯೊ. ಮಲೇರಿಯಾ ಮೇಲಿಂದ ಮೇಲೆ ಮರುಕಳಿಸುತ್ತಿತ್ತು. 1944ರ ಆಗಸ್ಟ್ 15ರಂದು ಅವನ ದಳ ದಕ್ಷಿಣ ಫ್ರಾನ್ಸಿನ ದಡ ಸೇರಿತು. ಅಂದೇ ಅವನ ಪ್ರಾಣಸ್ನೇಹಿತ ಲ್ಯಾಟೀ ಟಿಪ್ಟನ್ ಸತ್ತನು. ಶರಣಾಗುವವರಂತೆ ನಟಿಸಿ ಬಿಳಿಯ ಬಟ್ಟೆ ಬೀಸಿದ ಶತ್ರುಗಳನ್ನು ನಂಬಿ ಟಿಪ್ಟನ್ ಎದ್ದು ನಿಂತನು. ಮರುಕ್ಷಣವೇ ಗುಂಡು ತಗುಲಿ ಉರುಳಿದನು. ಮರ್ಫಿ ಉನ್ಮತ್ತನಂತೆ ಮುನ್ನುಗ್ಗಿ ಆ ನೆಲೆಯನ್ನು ಒಬ್ಬನೇ ಧ್ವಂಸಮಾಡಿದನು. ಅದಕ್ಕೆ ಅವನಿಗೆ ದೊಡ್ಡ ಪದಕವೊಂದು ಬಂದಿತು. ಆ ಪದಕವನ್ನು ನೋಡಿದಾಗಲೆಲ್ಲ ಅವನ ಕಣ್ಣಮುಂದೆ ಏನು ನಿಲ್ಲುತ್ತಿದ್ದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

1945ರ ಜನವರಿ 26. ಫ್ರಾನ್ಸಿನ ಆಲ್ಸೇಸ್ ಪ್ರಾಂತದಲ್ಲಿ ಹೋಲ್ಟ್ಸ್‌ವೀರ್ ಎಂಬ ಹಳ್ಳಿ. ನೆಲದ ಮೇಲೆ ದಟ್ಟವಾದ ಹಿಮ. ಯುದ್ಧರಂಗದಲ್ಲಿಯೇ ಅಧಿಕಾರಿಯ ಪದವಿಗೆ ಏರಿದ್ದ ಮರ್ಫಿಗೆ ಆಗ ಹತ್ತೊಂಬತ್ತು ವರ್ಷ. ಆರು ಜರ್ಮನ್ ಟ್ಯಾಂಕುಗಳೂ ಅಲೆಯಲೆಯಾಗಿ ಕಾಲಾಳುಗಳೂ ಮುಂದುವರಿದು ಬಂದಾಗ, ಅವನು ತನ್ನ ಸೈನಿಕರನ್ನು ಹಿಂದಿನ ಕಾಡಿಗೆ ಕಳುಹಿಸಿ, ಫಿರಂಗಿ ದಳಕ್ಕೆ ದೂರವಾಣಿಯಲ್ಲಿ ಗುರಿ ತಿಳಿಸುತ್ತ ತಾನೊಬ್ಬನೇ ಉಳಿದನು. ಪಕ್ಕದಲ್ಲಿ ಟ್ಯಾಂಕುಗಳನ್ನು ಹೊಡೆಯುವ ಸ್ವಪಕ್ಷದ ವಾಹನವೊಂದು ಏಟು ತಿಂದು ಹೊತ್ತಿ ಉರಿಯುತ್ತಿತ್ತು. ಅದರೊಳಗಿನ ಮದ್ದುಗುಂಡು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದಾಗಿತ್ತು. ಮರ್ಫಿ ಅದರ ಮೇಲೆ ಹತ್ತಿ, ಅದರ ಮೆಷಿನ್‌ಗನ್ನನ್ನು ಹಿಡಿದು, ಸುಮಾರು ಒಂದು ಗಂಟೆಯ ಕಾಲ ಶತ್ರುಗಳನ್ನು ತಡೆದು ನಿಲ್ಲಿಸಿದನು. ಕಾಲಿಗೆ ಗಾಯವಾಗಿದ್ದರೂ ಕೆಳಗಿಳಿದು ತನ್ನವರನ್ನು ಕೂಡಿಸಿಕೊಂಡು ಪ್ರತಿದಾಳಿ ನಡೆಸಿದನು. ಇದಕ್ಕಾಗಿ ಅಮೆರಿಕದ ಪರಮೋಚ್ಚ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಪದಕವನ್ನು ಜನರಲ್ ಪ್ಯಾಚ್ 1945ರ ಜೂನ್ 2ರಂದು ಆಸ್ಟ್ರಿಯಾದಲ್ಲಿ ಅವನ ಕೊರಳಿಗೆ ಹಾಕಿದನು.

*

ಯುದ್ಧವನ್ನು ಕುರಿತ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ತಾಯ್ನಾಡಿನಲ್ಲಿ ಮೆರವಣಿಗೆಗಳಾದುವು. ‘ಲೈಫ್’ ಪತ್ರಿಕೆ 1945ರ ಜುಲೈ 16ರ ಸಂಚಿಕೆಯ ಮುಖಪುಟದಲ್ಲಿ ಅವನ ನಗುಮುಖವನ್ನು ಅಚ್ಚು ಮಾಡಿತು. ಅದನ್ನು ನೋಡಿ ಪ್ರಸಿದ್ಧ ನಟ ಜೇಮ್ಸ್ ಕ್ಯಾಗ್ನಿ ಅವನನ್ನು ಹಾಲಿವುಡ್ಡಿಗೆ ಕರೆಸಿಕೊಂಡನು. ಮೊದಲ ಕೆಲವು ವರ್ಷ ಕೈಯಲ್ಲಿ ಕಾಸಿಲ್ಲದೆ ಮರ್ಫಿ ಪರಿಚಿತನೊಬ್ಬನ ವ್ಯಾಯಾಮಶಾಲೆಯಲ್ಲಿ ಮಲಗಿ ದಿನ ಕಳೆದನು. ಆಮೇಲೆ ಅವಕಾಶಗಳು ಬಂದುವು. ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದನು. ಅವುಗಳಲ್ಲಿ ಬಹುಪಾಲು ಕುದುರೆ ಸವಾರರ, ಬಂದೂಕಿನ ಕಾಳಗದ ಕಥೆಗಳು.

ಹಗಲಿನ ಮರ್ಫಿ ಇವನು. ರಾತ್ರಿಯ ಮರ್ಫಿ ಬೇರೆ. ಸೈನ್ಯ ಬಿಟ್ಟ ಹೊಸದರಲ್ಲಿಯೇ ತಲೆನೋವು, ವಾಂತಿ, ದುಃಸ್ವಪ್ನಗಳು ಅವನನ್ನು ಕಾಡತೊಡಗಿದ್ದುವೆಂದು ವೈದ್ಯಕೀಯ ದಾಖಲೆಗಳು ತಿಳಿಸುತ್ತವೆ. ಕಣ್ಣು ಮುಚ್ಚಿದರೆ ಯುದ್ಧಭೂಮಿ. ಆದುದರಿಂದ ಕಣ್ಣು ಮುಚ್ಚಲು ಭಯ. ಗುಂಡು ತುಂಬಿದ ಪಿಸ್ತೂಲನ್ನು ದಿಂಬಿನ ಅಡಿಯಲ್ಲಿ ಇಟ್ಟುಕೊಂಡೇ ಅವನು ಮಲಗುತ್ತಿದ್ದನು. 1949ರಲ್ಲಿ ಅವನು ನಟಿ ವಾಂಡ ಹೆಂಡ್ರಿಕ್ಸಳನ್ನು ಮದುವೆಯಾದನು. ಎರಡು ವರ್ಷ ಕಳೆಯುವುದರೊಳಗೆ ಆ ಸಂಬಂಧ ಮುರಿಯಿತು. ಒಮ್ಮೆ ತನ್ನ ಕಡೆಗೇ ಅವನು ಪಿಸ್ತೂಲು ಹಿಡಿದಿದ್ದನೆಂದು ಆಕೆ ಮುಂದೆ ತಿಳಿಸಿದಳು. ಅದೇ ಹೆಂಗಸು ಇನ್ನೊಂದು ಸಂಗತಿಯನ್ನೂ ಹೇಳಿದ್ದಾಳೆ. ವಾರ್ತಾಚಿತ್ರವೊಂದರಲ್ಲಿ ತಂದೆತಾಯಿಗಳಿಲ್ಲದ ಜರ್ಮನ್ ಮಕ್ಕಳನ್ನು ತೋರಿಸಿದಾಗ ಮರ್ಫಿ ಅಪರಾಧಿಯಂತೆ ಕಣ್ಣೀರು ಹಾಕಿದನಂತೆ. ಆ ಮಕ್ಕಳ ತಂದೆಯರನ್ನು ಕೊಂದ ಕೈಗಳಲ್ಲಿ ತನ್ನದೂ ಒಂದಿರಬಹುದೆಂಬ ಯೋಚನೆ ಅವನಿಗೆ ಬಂದಿರಬೇಕು.

ಈ ಎರಡು ಸಂಗತಿಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಒಂದನ್ನು ಮಾತ್ರ ನೋಡಿದರೆ ಅವನು ಕ್ರೂರಿ; ಇನ್ನೊಂದನ್ನು ಮಾತ್ರ ನೋಡಿದರೆ ಕೋಮಲಹೃದಯಿ. ಅವನು ರೋಗಿಯಾಗಿದ್ದನು. ಎರಡು ವರ್ಷಗಳ ಕಾಲ ಶತ್ರುವಿನ ಎದುರಿನಲ್ಲಿ ಕಾವಲು ನಿಂತ ದೇಹ, ಕಾವಲು ಮುಗಿಯಿತೆಂಬ ಆಜ್ಞೆಯನ್ನು ಕೇಳಿಸಿಕೊಳ್ಳಲೇ ಇಲ್ಲ. ಯುದ್ಧರಂಗದಲ್ಲಿ ಹಗುರವಾದ ನಿದ್ದೆ ಪ್ರಾಣವನ್ನು ಉಳಿಸುತ್ತದೆ. ಎಲೆಯೊಂದು ಅಲುಗಿದರೂ ಎಚ್ಚರವಾಗುವವನೇ ಅಲ್ಲಿ ಬದುಕುವವನು. ಅದೇ ಎಚ್ಚರ ಮನೆಗೆ ಬಂದ ಮೇಲೂ ಬಿಡದಿದ್ದರೆ ಹೆಂಡತಿಯ ಬಳೆಯ ಸದ್ದೂ ಶತ್ರುವಿನ ಸದ್ದಾಗುತ್ತದೆ. ಅಜ್ಜಿಯ ಮನೆಯ ಕಟ್ಟಳೆಯ ಅರ್ಥ ನನಗೆ ಆದದ್ದು ಇದನ್ನು ಓದಿದಾಗ.

*

ಅಂದಿನ ಅಮೆರಿಕದಲ್ಲಿ ಇಂಥವರಿಗೆ ನೆರವು ಇರಲಿಲ್ಲವೆ? ಸ್ವಲ್ಪಮಟ್ಟಿಗೆ ಇತ್ತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಈ ವ್ಯಾಧಿಯನ್ನು ಷೆಲ್ ಷಾಕ್ ಎಂದು ಕರೆದಿದ್ದರು. ಎರಡನೆಯದರ ಕಾಲಕ್ಕೆ ಯುದ್ಧದ ಆಯಾಸ ಎಂಬ ಹೆಸರು ಬಂದಿತ್ತು. ಪ್ರಸಿದ್ಧ ನಿರ್ದೇಶಕ ಜಾನ್ ಹ್ಯೂಸ್ಟನ್ ಸೈನ್ಯದ ಪರವಾಗಿ 1946ರಲ್ಲಿ ಮನಸ್ಸು ನೊಂದ ಸೈನಿಕರನ್ನು ಕುರಿತ ಸಾಕ್ಷ್ಯಚಿತ್ರವೊಂದನ್ನು ಸಿದ್ಧಪಡಿಸಿದನು. ಅದರ ಹೆಸರು ‘ಲೆಟ್ ದೇರ್ ಬಿ ಲೈಟ್’. ಲಾಂಗ್ ಐಲೆಂಡಿನ ಸೈನಿಕ ಆಸ್ಪತ್ರೆಯೊಂದರಲ್ಲಿ ಮಾತು ನಿಂತವರು, ಕಾಲು ಆಡದವರು, ಕೈ ನಡುಗುವವರು ಚಿಕಿತ್ಸೆ ಪಡೆಯುವುದನ್ನು ಅದರಲ್ಲಿ ತೋರಿಸಿದ್ದನು. ಸೈನ್ಯದ ಅಧಿಕಾರಿಗಳು ಚಿತ್ರವನ್ನು ತಡೆಹಿಡಿದರು. ಸಾರ್ವಜನಿಕರು ಅದನ್ನು ನೋಡಲು 1980ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ಯುದ್ಧಕ್ಕೆ ಹೋದವನು ಬಲಿಷ್ಠನಾಗಿ ಹಿಂದಿರುಗುತ್ತಾನೆ ಎಂಬ ಜನರ ನಂಬಿಕೆಗೆ ಧಕ್ಕೆ ಬರುವುದೆಂದು ಅಧಿಕಾರಿಗಳು ಅಂಜಿದರೆಂದೇ ಹ್ಯೂಸ್ಟನ್ ಭಾವಿಸಿದನು.

ವಿಧಿಯ ವೈಚಿತ್ರ್ಯವನ್ನು ನೋಡಿ! ಇದೇ ಹ್ಯೂಸ್ಟನ್ ಸ್ಟೀಫನ್ ಕ್ರೇನ್ ಬರೆದ ‘ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್’ ಕಾದಂಬರಿಯನ್ನು ಚಲಚ್ಚಿತ್ರವಾಗಿ ಮಾಡಿದಾಗ ನಾಯಕನ ಪಾತ್ರಕ್ಕೆ ಮರ್ಫಿಯನ್ನು ಆರಿಸಿದನು. 1951ರಲ್ಲಿ ತೆರೆಕಂಡ ಆ ಚಿತ್ರದ ನಾಯಕ, ಮೊದಲ ಕಾಳಗದಲ್ಲಿಯೇ ಹೆದರಿ ಓಡಿಹೋಗುವ ತರುಣ. ದೇಶದ ಮಹಾವೀರನೊಬ್ಬನು ಭೀರುವಿನ ಪಾತ್ರ ವಹಿಸಿದನು. ಅವನ ಚಿತ್ರಗಳಲ್ಲಿ ಕಲೆಯ ದೃಷ್ಟಿಯಿಂದ ಇದೇ ಶ್ರೇಷ್ಠವೆಂದು ಬಲ್ಲವರು ಎಣಿಸುತ್ತಾರೆ. ಯುದ್ಧದಲ್ಲಿ ಭಯವೆಂದರೇನು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬರವಣಿಗೆಯಿಂದಲೂ ಅವನು ಬಿಡುಗಡೆಯನ್ನು ಅರಸಿದನು. 1949ರಲ್ಲಿ ಅವನ ಆತ್ಮಕಥೆ ಪ್ರಕಟವಾಯಿತು. ಮುಂದೆ ಚಿತ್ರವಾದುದು ಇದೇ ಪುಸ್ತಕ. ಐದನೆಯ ತರಗತಿಗೆ ಓದು ಬಿಟ್ಟಿದ್ದ ಅವನಿಗೆ ಗೆಳೆಯ ಡೇವಿಡ್ ಮೆಕ್‌ಲ್ಯೂರ್ ಬರೆಯಲು ನೆರವಾದನು. ತಾನು ಪಡೆದ ಪದಕಗಳ ವಿಚಾರವಾಗಿ ಅದರಲ್ಲಿ ಹೆಚ್ಚು ಮಾತಿಲ್ಲ. ಸತ್ತ ಸಂಗಾತಿಗಳ ವಿಚಾರವೇ ಹೆಚ್ಚು. ಆನ್‌ಜಿಯೊದಲ್ಲಿ ಸತ್ತ ಜೋ ಸೀಜಾ ಮತ್ತು ಫ್ರಾನ್ಸಿನಲ್ಲಿ ಸತ್ತ ಲ್ಯಾಟೀ ಟಿಪ್ಟನ್ ಇವರಿಬ್ಬರಿಗೆ ಪುಸ್ತಕವನ್ನು ಅರ್ಪಿಸಿದನು. ಆನ್‌ಜಿಯೊದ ಸಮಾಧಿಗಳ ಶಿಲುಬೆಗಳನ್ನು ಕುರಿತು ತಾನು ರಚಿಸಿದ ಪದ್ಯವನ್ನು ಆ ಪುಸ್ತಕದಲ್ಲಿ ಬೇರೊಬ್ಬ ಸೈನಿಕನ ಬಾಯಲ್ಲಿ ಹಾಕಿದನು. ಮುಂದೆ ಹಾಡುಗಳನ್ನೂ ಬರೆದನು. ‘ಷಟರ್ಸ್ ಅಂಡ್ ಬೋರ್ಡ್ಸ್’ ಎಂಬ ಅವನ ಹಾಡು 1962ರಲ್ಲಿ ಜನಪ್ರಿಯವಾಯಿತು.

ಆದರೆ 1955ರಲ್ಲಿ ಅವನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ. ಆತ್ಮಕಥೆಯನ್ನು ಚಿತ್ರವಾಗಿಸುವಾಗ ತನ್ನ ಪಾತ್ರವನ್ನು ತಾನೇ ವಹಿಸಲು ಅವನಿಗೆ ಮನಸ್ಸಿರಲಿಲ್ಲ. ಬೇರೆ ನಟನನ್ನು ಸೂಚಿಸಿದನು. ಚಿತ್ರಸಂಸ್ಥೆಯವರು ಬಿಡಲಿಲ್ಲ. ಹತ್ತು ವರ್ಷಗಳ ಹಿಂದೆ ಯಾವುದನ್ನು ಮರೆಯಲಾರದೆ ರಾತ್ರಿಗಳನ್ನು ಕಳೆಯುತ್ತಿದ್ದನೋ ಅದನ್ನೇ ಹಗಲಿನಲ್ಲಿ, ದೀಪಗಳ ಬೆಳಕಿನಲ್ಲಿ, ಮತ್ತೆ ಮತ್ತೆ ಅಭಿನಯಿಸಿದನು. ಗೆಳೆಯ ಸಾಯುವುದನ್ನು ಮತ್ತೊಮ್ಮೆ ನೋಡಿದನು. ಉರಿಯುವ ಟ್ಯಾಂಕನ್ನು ಮತ್ತೊಮ್ಮೆ ಏರಿದನು. ಆ ಚಿತ್ರ ಯೂನಿವರ್ಸಲ್ ಸಂಸ್ಥೆಗೆ ತಂದ ಹಣದ ದಾಖಲೆಯನ್ನು 1975ರಲ್ಲಿ ‘ಜಾಸ್’ ಚಿತ್ರ ಬರುವವರೆಗೆ ಯಾವುದೂ ಮುರಿಯಲಿಲ್ಲ. ನಾನು ಬೆಂಗಳೂರಿನಲ್ಲಿ ಕುರ್ಚಿಯ ತುದಿಗೆ ಸರಿದು ನೋಡಿದ್ದು ಇದನ್ನೇ. ಮಾವ ಎದ್ದುಹೋದದ್ದೂ ಇದೇ ಗಳಿಗೆಯಲ್ಲಿ.

*

ನಿದ್ದೆಗಾಗಿ ಮರ್ಫಿ ಗುಳಿಗೆಗಳನ್ನು ಆಶ್ರಯಿಸಿದನು. ಆ ಕಾಲದಲ್ಲಿ ಪ್ಲಾಸಿಡಿಲ್ ಎಂಬ ಔಷಧವನ್ನು ವೈದ್ಯರು ಧಾರಾಳವಾಗಿ ಕೊಡುತ್ತಿದ್ದರು. ಎಥ್‌ಕ್ಲಾರ್‌ವಿನಾಲ್ ಎಂಬುದು ಅದರ ರಾಸಾಯನಿಕ ನಾಮ. ಇಂಥ ಗುಳಿಗೆಗಳ ಗುಣ ಇದು: ಮೊದಲ ಕೆಲವು ದಿನ ನಿದ್ದೆ ಬರಿಸುತ್ತವೆ, ದೇಹ ಅವಕ್ಕೆ ಒಗ್ಗಿಕೊಂಡ ಮೇಲೆ ಅದೇ ಪ್ರಮಾಣ ಸಾಲದಾಗುತ್ತದೆ, ಎರಡು ಬೇಕಾಗುತ್ತದೆ, ಮೂರು ಬೇಕಾಗುತ್ತದೆ. ಬಿಟ್ಟರೆ ಮೊದಲಿಗಿಂತ ಘೋರವಾದ ನಿದ್ರಾನಾಶ. ಅದರ ಜೊತೆಗೆ ನಡುಕ, ಭ್ರಮೆ, ಒಮ್ಮೊಮ್ಮೆ ಅಪಸ್ಮಾರದಂಥ ಸೆಳವು. ಶಾಂತಿಯನ್ನು ಸೂಚಿಸುವ ಹೆಸರಿನ ಆ ಔಷಧ ಮರ್ಫಿಯನ್ನು ದಾಸನನ್ನಾಗಿ ಮಾಡಿಕೊಂಡಿತು.

1960ರ ದಶಕದ ನಡುವೆ ಒಂದು ದಿನ ಅವನಿಗೆ ತನ್ನ ಸ್ಥಿತಿ ಮನದಟ್ಟಾಯಿತು. ಹೋಟೆಲಿನ ಕೋಣೆಯೊಂದನ್ನು ಹಿಡಿದು, ಒಳಗಿನಿಂದ ಬಾಗಿಲು ಹಾಕಿಕೊಂಡು, ಗುಳಿಗೆಯನ್ನು ಮುಟ್ಟದೆ ಒಂದು ವಾರ ಒಬ್ಬನೇ ಕಳೆದನು. ಚಟ ಬಿಟ್ಟಿತು. ಆ ಏಳು ಹಗಲು ಏಳು ರಾತ್ರಿಗಳಲ್ಲಿ ಅವನು ಏನನ್ನು ಅನುಭವಿಸಿದನೋ ನೋಡಿದವರಾರೂ ಇಲ್ಲ. ಹೋಲ್ಟ್ಸ್‌ವೀರಿನ ಒಂದು ಗಂಟೆಗಿಂತ ಆ ವಾರ ದೀರ್ಘವಾಗಿತ್ತೆಂದು ನಾನು ನಂಬುತ್ತೇನೆ. ಇದನ್ನು ಸಾಹಸವೆಂದು ಹೊಗಳಲು ಮಾತ್ರ ನನಗೆ ಅಂಜಿಕೆಯಾಗುತ್ತದೆ. ಅಂಥ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣವೇ ಹೋಗಬಹುದು. ವೈದ್ಯರ ಕಣ್ಣೆದುರಿನಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕಾದುದು ಅದು. ಯಾರ ಬಳಿಗೂ ಹೋಗಲಾರದೆ, ಯುದ್ಧವನ್ನು ಮಾಡಿದ ರೀತಿಯಲ್ಲಿಯೇ ಕಾಯಿಲೆಯೊಡನೆಯೂ ಒಬ್ಬನೇ ಹೋರಾಡಿದುದರಲ್ಲಿ ಅವನ ಧೈರ್ಯವೂ ಕಾಣುತ್ತದೆ, ಅವನ ಒಂಟಿತನವೂ ಕಾಣುತ್ತದೆ.

ಮರ್ಫಿಯ ಜೀವನದಲ್ಲಿ ನಾನು ಅತ್ಯಂತ ಗೌರವಿಸುವ ಕಾರ್ಯ ಇದರ ಅನಂತರದ್ದು. ಅವನು ಮುಚ್ಚಿಡಲಿಲ್ಲ. ಕೊರಿಯ ಮತ್ತು ವಿಯಟ್ನಾಂ ಯುದ್ಧಗಳಿಂದ ತರುಣರು ಹಿಂದಿರುಗುತ್ತಿದ್ದರು. ತನ್ನ ನಿದ್ರಾನಾಶವನ್ನೂ ದುಃಸ್ವಪ್ನಗಳನ್ನೂ ಗುಳಿಗೆಯ ಚಟವನ್ನೂ ಅವನು ಬಹಿರಂಗವಾಗಿ ಹೇಳಿಕೊಂಡನು. ಯುದ್ಧವು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಸರ್ಕಾರ ಅಧ್ಯಯನ ಮಾಡಿಸಬೇಕು, ಹಿಂದಿರುಗಿದ ಸೈನಿಕರಿಗೆ ದೊರೆಯುವ ವೈದ್ಯಕೀಯ ನೆರವನ್ನು ಈ ವ್ಯಾಧಿಗೂ ವಿಸ್ತರಿಸಬೇಕು ಎಂದು ಒತ್ತಾಯಿಸಿದನು. ನಿದ್ದೆ ಬರುವುದಿಲ್ಲವೆಂದು ಅಂಜುಬುರುಕನೊಬ್ಬ ಹೇಳಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ದೇಶದ ಅತ್ಯುನ್ನತ ಶೌರ್ಯಪದಕ ಧರಿಸಿದವನು ಹೇಳಿದಾಗ ನಗುವವರು ಯಾರು? ಮೂವತ್ತಕ್ಕೂ ಮಿಕ್ಕ ಪದಕಗಳ ಗೌರವವನ್ನು ಅವನು ಹೆಸರು ಹೇಳಲು ನಾಚುತ್ತಿದ್ದ ಸಾವಿರಾರು ಸೈನಿಕರ ಪರವಾಗಿ ಪಣಕ್ಕೊಡ್ಡಿದನು.

ಅವನ ಕೊನೆಯ ವರ್ಷಗಳು ಸುಖದವಲ್ಲ. ಜೂಜಿನ ಹುಚ್ಚು ಅವನನ್ನು ಬಿಡಲಿಲ್ಲ. 1968ರಲ್ಲಿ ಪಾಪರ್ ಆದನು. ಆದರೂ ಮದ್ಯದ ಮತ್ತು ಸಿಗರೇಟಿನ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳಲು ಒಪ್ಪಲಿಲ್ಲ. ಎಳೆಯರಿಗೆ ಕೆಟ್ಟ ಮೇಲ್ಪಂಕ್ತಿಯಾಗುತ್ತದೆಂದು ಬಂದ ಹಣವನ್ನು ತಿರಸ್ಕರಿಸಿದನು. 1971ರ ಮೇ 28ರಂದು ಅವನು ಪ್ರಯಾಣ ಮಾಡುತ್ತಿದ್ದ ಸಣ್ಣ ವಿಮಾನ ಮಂಜು ಕವಿದ ಹವೆಯಲ್ಲಿ ವರ್ಜಿನಿಯದ ಬ್ರಷ್ ಬೆಟ್ಟಕ್ಕೆ ಬಡಿಯಿತು. ಅದರಲ್ಲಿದ್ದ ಆರು ಮಂದಿಯೂ ಸತ್ತರು. ಮರ್ಫಿಗೆ ಇನ್ನೂ ನಲವತ್ತಾರು ತುಂಬಿರಲಿಲ್ಲ. ಎರಡನೆಯ ಹೆಂಡತಿ ಪಮೇಲ, ಇಬ್ಬರು ಗಂಡುಮಕ್ಕಳು ಉಳಿದರು. ವಾಷಿಂಗ್ಟನ್ನಿನ ಬಳಿಯ ಆರ್ಲಿಂಗ್ಟನ್ ರುದ್ರಭೂಮಿಯಲ್ಲಿ ಅವನನ್ನು ಸೇನಾ ಗೌರವದೊಡನೆ ಹೂಳಿದರು. ಮೆಡಲ್ ಆಫ್ ಆನರ್ ಪಡೆದವರ ಸಮಾಧಿಯ ಕಲ್ಲಿನ ಮೇಲೆ ಅಕ್ಷರಗಳಿಗೆ ಚಿನ್ನದ ರೇಕು ಹಾಕುವುದು ಅಲ್ಲಿನ ಪದ್ಧತಿ. ಸಾಮಾನ್ಯ ಸೈನಿಕನ ಕಲ್ಲಿನಂತೆಯೇ ತನ್ನದೂ ಇರಲೆಂಬುದು ಅವನ ಇಚ್ಛೆಯಾಗಿತ್ತು; ಹಾಗೆಯೇ ಇದೆ.

*

ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ ಮಾಜಿ ಸೈನಿಕರಿಗಾಗಿ ಕಟ್ಟಿದ ದೊಡ್ಡ ಆಸ್ಪತ್ರೆಗೆ ಮರ್ಫಿಯ ಹೆಸರನ್ನಿಟ್ಟರು. 1973ರಲ್ಲಿ ಅದು ಆರಂಭವಾಯಿತು. ಅವನಿಗೆ ಎತ್ತಿದ ಸ್ಮಾರಕಗಳಲ್ಲಿ ಇದಕ್ಕಿಂತ ಯೋಗ್ಯವಾದುದನ್ನು ನಾನು ಕಾಣೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಪಟ್ಟಿಯಲ್ಲಿ ಈ ವ್ಯಾಧಿಗೆ ವಿಧಿವತ್ತಾಗಿ ಒಂದು ಹೆಸರು ಕೊಟ್ಟಿತು: ಘೋರ ಆಘಾತದ ಅನಂತರ ಉಳಿಯುವ ಮನಃಕ್ಷೋಭೆ ಎಂಬುದು ಅದರ ಭಾವ. ನಿದ್ದೆ ಬಾರದಿರುವುದು, ದುಃಸ್ವಪ್ನ, ಸದಾ ಕಾವಲು ಕಾಯುವ ಎಚ್ಚರ ಇವೆಲ್ಲ ಅದರ ಲಕ್ಷಣಗಳೆಂದು ಅಂಗೀಕೃತವಾದುವು. ಹೆಸರಿಲ್ಲದ ಕಾಯಿಲೆ ಸ್ವಭಾವದೋಷವಾಗಿ ಕಾಣುತ್ತದೆ. ಹೆಸರು ಬಂದ ಮೇಲೆ ಅದಕ್ಕೆ ಔಷಧವನ್ನು ಹುಡುಕುವ ಹಕ್ಕು ರೋಗಿಗೆ ಬರುತ್ತದೆ.

ಮರ್ಫಿ ಸತ್ತ ಮರುವರ್ಷವೇ, 1972ರಲ್ಲಿ, ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞ ಗುಳಿಗೆಯಿಲ್ಲದೆ ನಿದ್ರಾನಾಶವನ್ನು ಗುಣಪಡಿಸುವ ಸರಳವಾದ ಕ್ರಮವೊಂದನ್ನು ಪ್ರಕಟಿಸಿದನು. ನಿದ್ದೆ ಬಾರದವನಿಗೆ ಹಾಸಿಗೆಯೇ ಹೋರಾಟದ ಸ್ಥಳವಾಗಿಬಿಟ್ಟಿರುತ್ತದೆ. ಆ ನಂಟನ್ನು ಬಿಡಿಸಬೇಕು. ತೂಕಡಿಕೆ ಬಂದಾಗ ಮಾತ್ರ ಮಲಗಬೇಕು. ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಹತ್ತದಿದ್ದರೆ ಹೊರಳಾಡುತ್ತ ಬಿದ್ದಿರದೆ ಎದ್ದು ಬೇರೆ ಕೋಣೆಗೆ ಹೋಗಬೇಕು; ತೂಕಡಿಕೆ ಬಂದ ಮೇಲೆ ಹಿಂದಿರುಗಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು, ಹಗಲು ಮಲಗಬಾರದು. 1987ರಲ್ಲಿ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು ಇದಕ್ಕೆ ಇನ್ನೊಂದು ಸೂತ್ರವನ್ನು ಸೇರಿಸಿದರು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಮೊದಲು ಕಡಮೆ ಮಾಡಿ, ನಿದ್ದೆ ಗಟ್ಟಿಯಾದಂತೆಲ್ಲ ಆ ಹೊತ್ತನ್ನು ಹೆಚ್ಚಿಸುತ್ತ ಹೋಗುವುದು ಅದು. ಇದನ್ನು ವೈದ್ಯರ ಮಾರ್ಗದರ್ಶನದಲ್ಲಿಯೇ ಮಾಡಬೇಕು. ಇವುಗಳ ಜೊತೆಗೆ ನಿದ್ದೆಯನ್ನು ಕುರಿತ ಭಯವನ್ನು ತಿದ್ದುವ ಮಾತುಕತೆಯೂ ಸೇರಿ, ಕೆಲವು ವಾರಗಳಲ್ಲಿ ಮುಗಿಯುವ ಚಿಕಿತ್ಸೆಯಾಗಿದೆ. ದೀರ್ಘಕಾಲದ ನಿದ್ರಾನಾಶಕ್ಕೆ ಮೊದಲು ಕೊಡಬೇಕಾದುದು ಗುಳಿಗೆಯಲ್ಲ, ಈ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸಾರಿತು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇದು ದೊರೆಯುತ್ತದೆ. ದುಃಸ್ವಪ್ನದವರಿಗೆ ಬೇರೊಂದು ಉಪಾಯವುಂಟು: ಹಗಲಿನಲ್ಲಿ ಆ ಕನಸಿನ ಕೊನೆಯನ್ನು ಬೇರೆಯಾಗಿ ಬರೆದು, ಹೊಸ ಕಥೆಯನ್ನು ದಿನವೂ ಮನಸ್ಸಿನಲ್ಲಿ ಅಭ್ಯಾಸ ಮಾಡುವುದು.

ಇದೆಲ್ಲ ಮರ್ಫಿಯ ಕೈಗೆ ಸಿಗಲಿಲ್ಲ. ನನ್ನ ಮಾವನಿಗಂತೂ ಇಂಥದೊಂದು ಇದೆಯೆಂದೇ ತಿಳಿಯಲಿಲ್ಲ. ಈಗ ನಮ್ಮಲ್ಲಿಯೂ ಬಾಗಿಲುಗಳು ತೆರೆದಿವೆ. ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರಿಂದ ನಡೆಯುತ್ತಿದೆ. ಅದರ ಚಿಕಿತ್ಸಾಲಯಗಳು ನಮ್ಮ ನಾಡಿನಲ್ಲಿಯೂ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲುರಾತ್ರಿ ಯಾವಾಗಲಾದರೂ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿದ್ದೆ ಬಾರದವನಿಗೆ ನಡುರಾತ್ರಿಯಲ್ಲಿ ಮಾತನಾಡಲು ಒಬ್ಬರು ಇದ್ದಾರೆಂಬುದು ಸಣ್ಣ ಸಂಗತಿಯಲ್ಲ.

ಮಾವ ತೀರಿಕೊಂಡ ಮೇಲೆ ಅವರ ಟ್ರಂಕಿನ ತಳದಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಬರ್ಮಾ ಸ್ಟಾರ್ ಪದಕ ಸಿಕ್ಕಿತು. ಅವರು ಅದನ್ನು ಯಾರಿಗೂ ತೋರಿಸಿರಲಿಲ್ಲ. ಬೆಂಗಳೂರಿನ ಆ ಸಂಜೆ ಬೀದಿಯ ಅಂಚಿನಲ್ಲಿ ನಿಂತಿದ್ದವರನ್ನು, ಏಕೆ ಎದ್ದುಬಂದಿರಿ ಮಾವ, ಎಂದು ನಾನೊಂದು ಮಾತು ಕೇಳಿದ್ದರೆ ಅವರು ಏನಾದರೂ ಹೇಳುತ್ತಿದ್ದರೋ ಏನೋ. ನಾನು ಮುಖ ಊದಿಸಿಕೊಂಡು ರೈಲು ನಿಲ್ದಾಣದವರೆಗೆ ಸುಮ್ಮನೆ ನಡೆದೆ. ಅಜ್ಜಿಗೆ ಓದು ಬರಹ ಬಾರದು. ಆ ವ್ಯಾಧಿಯ ಹೆಸರೂ ಆಕೆಗೆ ತಿಳಿಯದು. ಆದರೂ ಮಗನನ್ನು ಮುಟ್ಟಿ ಎಬ್ಬಿಸಬೇಡಿ, ದೂರದಿಂದ ಮೆಲ್ಲಗೆ ಕೂಗಿ ಎಂದು ಮನೆಯವರಿಗೆಲ್ಲ ಕಲಿಸಿಟ್ಟಿದ್ದಳು. ಮಾವನಿಗೆ ಇಡೀ ಜೀವಮಾನದಲ್ಲಿ ದೊರೆತ ಚಿಕಿತ್ಸೆ ಅದೊಂದೇ.